ಹಲಗೆಯ ಮೇಲಿನ ಟೋಪಿ

ಹಾದಿಯ ಬಾಯಲ್ಲಿ ಆರ್ವೊ ನೆಟ್ಟ ಹಲಗೆಯಲ್ಲಿ ಸ್ಕೀ ಕಟ್ಟಿಕೊಂಡ ಒಂದು ಕಪ್ಪು ಬೊಂಬೆಯ ಚಿತ್ರವಿತ್ತು. ಬೊಂಬೆಯ ಮೇಲೆ ಅಡ್ಡಕ್ಕೆ ಒಂದು ಕೆಂಪು ಗೆರೆ. ಸ್ಕೀಯವರು ಇತ್ತ ಬರಕೂಡದು ಎಂದು ಅರ್ಥ. ಸೈಮಿ ದಿನಾ ಬೆಳಿಗ್ಗೆ ಅಲ್ಲಿಗೆ ಬಂದು, ಬೆನ್ನಚೀಲದಿಂದ ಹಳೆಯ ನೀಲಿ ಉಣ್ಣೆ ಟೋಪಿಯೊಂದನ್ನು ತೆಗೆದು ಆ ಹಲಗೆಯ ತಲೆಗೆ ತೊಡಿಸುತ್ತಿದ್ದಳು. ಟೋಪಿಯನ್ನು ಚೆನ್ನಾಗಿ ಕೆಳಕ್ಕೆ ಎಳೆದರೆ ಬೊಂಬೆಯೂ ಕಾಣುತ್ತಿರಲಿಲ್ಲ, ಗೆರೆಯೂ ಕಾಣುತ್ತಿರಲಿಲ್ಲ. ಆಮೇಲೆ ಹಾದಿಯ ನಟ್ಟನಡುವೆ ಸ್ಕೀ ಜಾರಿಸುತ್ತ ಗುಡ್ಡ ಹತ್ತುತ್ತಿದ್ದಳು. ಹಿಂದಿರುಗುವಾಗ ಟೋಪಿಯನ್ನು ಮರೆಯದೆ ಎತ್ತಿಕೊಳ್ಳುತ್ತಿದ್ದಳು. ಒಳ್ಳೆಯ ಉಣ್ಣೆ, ಆರ್ವೊನ ಹಲಗೆಗೆ ದಾನ ಮಾಡುವ ಮನಸ್ಸು ಅವಳಿಗಿರಲಿಲ್ಲ.

ಅದು ತಾಮ್ರದ ಗಣಿ ನಡೆಯುತ್ತಿದ್ದ ಕಾಲದ ರೈಲುಹಾದಿ. ಕಂಬಿ ಕಿತ್ತು ಎಷ್ಟೋ ವರ್ಷವಾಗಿತ್ತು. ಸುಪೀರಿಯರ್ ಸರೋವರದ ಮೇಲಿಂದ ಬೀಸಿ ಬರುವ ಹಿಮ ಊರಿನ ಬೇಲಿಗಳನ್ನೆಲ್ಲ ನುಂಗಿದ ಮೇಲೆ ಗುಡ್ಡಕ್ಕೆ ಹೋಗಲು ಉಳಿಯುವ ದಾರಿ ಅದೊಂದೇ. ಗುಡ್ಡದ ಮೇಲೆ ಸೈಮಿಯ ಗಂಡ ಒನ್ನಿ ಕಟ್ಟಿದ ಮರದ ಮನೆ, ಅದರ ಪಕ್ಕದಲ್ಲಿ ಬಿಸಿ ಹಬೆಯಲ್ಲಿ ಬೆವರುವ ಕೋಣೆ, ಸೌನಾ. ಒನ್ನಿ ತೀರಿಕೊಂಡ ಮೇಲೂ ಸೈಮಿ ಅಲ್ಲಿಗೆ ಹೋಗಿ ಒಲೆ ಹಚ್ಚಿ, ಕಲ್ಲು ಕಾಯಿಸಿ, ಬೆವರಿ, ಹಿಮದಲ್ಲಿ ಹೊರಳಿ, ಕಾಫಿ ಕುಡಿದು ಬರುವುದನ್ನು ಬಿಟ್ಟಿರಲಿಲ್ಲ. ಅರವತ್ತೆಂಟರ ಹೆಂಗಸಿಗೆ ಇದೆಲ್ಲ ಬೇಕೇ ಎಂದು ಕೇಳಿದವರಿಗೆ ಅವಳು ಸೊಪ್ಪು ಹಾಕುತ್ತಿರಲಿಲ್ಲ. ಬೇಕಿತ್ತು, ಅಷ್ಟೇ.

ಭೂಮಿ ಮರದ ಕಂಪನಿಯದು. ಕಂಪನಿಯವರು ಹಾದಿಯನ್ನು ನೋಡಿಕೊಳ್ಳಲು ಊರಿನ ಸ್ನೋಮೊಬೈಲ್ ಸಂಘಕ್ಕೆ, ಅಂದರೆ ಹಿಮದ ಮೇಲೆ ಮೋಟಾರು ಗಾಡಿ ಓಡಿಸುವವರಿಗೆ, ಒಪ್ಪಿಸಿ ಕೈ ತೊಳೆದುಕೊಂಡಿದ್ದರು. ಬಿದ್ದ ಮರ ಕಡಿಯುವವರು, ಹಿಮ ಮಟ್ಟ ಮಾಡುವವರು ಸಂಘದವರೇ. ಅದನ್ನು ಸೈಮಿಯೂ ಅಲ್ಲಗಳೆಯುತ್ತಿರಲಿಲ್ಲ. ಸಂಘದ ಅಧ್ಯಕ್ಷ ಆರ್ವೊ. ಒನ್ನಿಯ ಸ್ವಂತ ತಮ್ಮ, ಅಂದರೆ ಅವಳ ಮೈದುನ. ಅಷ್ಟಾದ ಮೇಲೆ ಜಗಳ ಸಣ್ಣದಾಗಿ ಉಳಿಯುವುದುಂಟೇ?

ಜಗಳ ಹುಟ್ಟಿದ್ದು ಒಂದು ಕೈಯಿಂದ. ಸ್ನೋಮೊಬೈಲಿನವರಲ್ಲಿ ಒಂದು ಪದ್ಧತಿಯಿದೆ. ಎದುರಿಗೆ ಯಾರಾದರೂ ಸಿಕ್ಕರೆ ಮುಂದಿನ ಗಾಡಿಯವನು ಕೈಯೆತ್ತಿ, ತನ್ನ ಹಿಂದೆ ಎಷ್ಟು ಗಾಡಿ ಬರುತ್ತಿವೆ ಎಂದು ಬೆರಳಲ್ಲಿ ತೋರಿಸುತ್ತಾನೆ. ಕಟ್ಟಕಡೆಯವನು ಮುಷ್ಟಿ ತೋರಿಸುತ್ತಾನೆ, ನನ್ನ ಹಿಂದೆ ಯಾರೂ ಇಲ್ಲ ಎಂದು. ಆ ಸದ್ದಿನಲ್ಲಿ ಮಾತು ಯಾರಿಗೆ ಕೇಳುತ್ತದೆ? ಒನ್ನಿ ಇದನ್ನು ಹೆಂಡತಿಗೂ ಕಲಿಸಿದ್ದ. ಸ್ಕೀಯವರ ಪೈಕಿ ಅದನ್ನು ಪಾಲಿಸುತ್ತಿದ್ದವಳು ಅವಳೊಬ್ಬಳೇ. ತಾನೂ ಕೈಯೆತ್ತಿ ಲೆಕ್ಕ ಕೊಡುತ್ತಿದ್ದಳು.

ಡಿಸೆಂಬರಿನ ಒಂದು ಬೆಳಿಗ್ಗೆ ನೀರಿನ ಟ್ಯಾಂಕಿಯ ತಿರುವಿನಲ್ಲಿ ಆರ್ವೊನ ಗಾಡಿ ಎದುರಾಯಿತು. ಸೈಮಿ ಪಕ್ಕಕ್ಕೆ ಸರಿದು ನಿಂತಳು. ಆರ್ವೊ ಕೈ ಎತ್ತಿ ತೋರಿಸಿ ಹೋದ. ಅವಳು ಕಂಡದ್ದು ಮುಷ್ಟಿ. ಸರಿ, ಇನ್ನು ಯಾರೂ ಇಲ್ಲ ಎಂದು ಹಾದಿಗೆ ಕಾಲಿಟ್ಟಳು. ಮೊದಲ ಗಾಡಿಯ ಸದ್ದು ಕಿವಿಯಿಂದ ಇಳಿಯುವ ಮೊದಲೇ ತಿರುವಿನಿಂದ ಎರಡನೆಯದು ನುಗ್ಗಿ ಬಂತು. ಅದರ ಮೇಲಿದ್ದವಳು ಆರ್ವೊನ ಮಗಳು ಐಲಿ. ದೊಡ್ಡಮ್ಮನನ್ನು ತಪ್ಪಿಸಲು ಹೋಗಿ ಅವಳು ಗಾಡಿಯನ್ನು ಬರ್ಚ್ ಮರಕ್ಕೆ ಗುದ್ದಿದಳು. ಸೈಮಿಗೆ ಒಂದು ಸ್ಕೀಯ ತುದಿ ಹೋಯಿತು. ಐಲಿಯ ಹೆಗಲ ಮೂಳೆ ಮುರಿಯಿತು.

"ಒಂದು ಬೆರಳು ತೋರಿಸ್ದೆ. ಕಣ್ಣಿಗೆ ಬೀಳದಿದ್ರೆ ಮನೇಲಿರ್ಬೇಕು," ಎಂದ ಆರ್ವೊ, ಮಗಳನ್ನು ಆಸ್ಪತ್ರೆಯಿಂದ ಕರೆತಂದ ದಿನವೇ.

"ಮುಷ್ಟಿ ತೋರಿಸ್ದೆ ನೀನು. ಮಗಳನ್ನ ಹಿಂದೆ ಇಟ್ಕೊಂಡು ಮುಷ್ಟಿ ತೋರಿಸ್ದೆ," ಎಂದಳು ಸೈಮಿ.

"ಸುಳ್ಳು ಹೇಳ್ಬೇಡಿ ಅತ್ತಿಗೆ."

"ಸುಳ್ಳ ನೀನು. ಚಿಕ್ಕಂದಿನಿಂದ್ಲೂ."

ಆ ವಾರದಲ್ಲೇ ಹಲಗೆ ಎದ್ದಿತು. ಸದ್ಯಕ್ಕೆ ಎಂದು ಹೇಳಿದ್ದರು. ಮಾರ್ಚಿನ ಸಭೆಯಲ್ಲಿ ಕೈಯೆತ್ತಿಸಿ ಅದನ್ನು ಕಾಯಂ ಮಾಡುವುದು, ಆಮೇಲೂ ಯಾರಾದರೂ ಬಂದರೆ ಶೆರಿಫ್‌ಗೆ ಹೇಳುವುದು ಎಂದು ಆರ್ವೊ ಊರೆಲ್ಲ ಸಾರಿದ. ಅಲ್ಲಿಗೆ ಸೈಮಿಗೆ ಚಳಿಗಾಲದಲ್ಲಿ ಒನ್ನಿಯ ಮನೆ ಇಲ್ಲ ಎಂದಾಯಿತು. ಉಳಿದ ಸ್ಕೀಯವರು ಬಾಯಲ್ಲಿ ಬೈದುಕೊಂಡು ಗಾಲ್ಫ್ ಮೈದಾನದ ಕಡೆ ಹೋದರು. ಮೈದಾನದಲ್ಲಿ ಗಿರಗಿರ ಸುತ್ತಲು ತಾನೇನು ಗಾಣದ ಎತ್ತೇ ಎಂದು ಸೈಮಿ ಇಲ್ಲಿಗೇ ಬಂದಳು.

ಫೆಬ್ರವರಿಯಲ್ಲಿ ಅಂಗಡಿಯಲ್ಲಿ ಆರ್ವೊ ಸಿಕ್ಕಿದ. ಅವನ ಕೈಯಲ್ಲಿ ಅವಳೇ ಹೆಣೆದ ಬೂದು ಕೈಗವಸುಗಳು, ದಪ್ಪ ಉಣ್ಣೆಯ ಮಿಟನ್‌ಗಳಿದ್ದವು. ಒನ್ನಿ ತೀರಿಕೊಂಡ ವರ್ಷ ತನಗೂ ಅವನಿಗೂ ಒಂದೇ ಉಣ್ಣೆಯಲ್ಲಿ ಒಂದೊಂದು ಜೊತೆ ಹೆಣೆದು, ಕುದಿಯುವ ನೀರಿನಲ್ಲಿ ಕುಗ್ಗಿಸಿ, ಗಾಳಿ ನುಸುಳದಷ್ಟು ಗಟ್ಟಿ ಮಾಡಿದ್ದಳು. ಮಾತು ಬಿಟ್ಟರೂ ಮಿಟನ್ ಬಿಟ್ಟಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ನಗು ಬಂತು.

"ಏನತ್ತಿಗೆ, ಹಲಗೆ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತಲ್ಲ. ಪಾಪ, ಚಳಿ ಆಗ್ತಿರ್ಬೇಕು ಅಂತ ಟೋಪಿ ಹಾಕ್ದೆ."

ಕಾಫಿ ಪುಡಿ ತೂಗುತ್ತಿದ್ದ ಹುಡುಗಿ ಕೆಳಗೆ ಬಗ್ಗಿ ಏನನ್ನೋ ಹುಡುಕುವವಳಂತೆ ನಟಿಸಿದಳು. ಆರ್ವೊನ ಕಿವಿ ಕೆಂಪಾಯಿತು.

"ಮೇಲಕ್ಕೆ ಹೋಗ್ಬೇಕು ಅಂದ್ರೆ ಹೇಳಿ, ಗಾಡಿ ಹಿಂದೆ ಕೂರಿಸ್ಕೊಂಡು ಹೋಗ್ತೀನಿ. ಯಾರು ಬೇಡ ಅಂದ್ರು?"

"ಮೂಟೆ ಥರ ಹೊರಿಸ್ಕೊಳ್ಳೋಕೆ ನನಗೇನು ಕಾಲಿಲ್ವಾ? ನಿಮ್ಮಣ್ಣ ಬದುಕಿದ್ದಾಗ್ಲೇ ನಾನು ಅವನ ಗಾಡಿ ಹತ್ತಿದವಳಲ್ಲ. ಅವನು ಅಲ್ಲಿ ಮುಟ್ಟಿ ಒಲೆ ಹಚ್ಚೋ ಹೊತ್ತಿಗೆ ನಾನು ಹೋಗಿ ನಿಂತಿರ್ತಿದ್ದೆ. ಅವನೇನೂ ಹಲಗೆ ನೆಡ್ಲಿಲ್ಲ."

"ಐಲಿ ಇನ್ನೂ ತೋಳೆತ್ತೋಕೆ ಒದ್ದಾಡ್ತಿದ್ದಾಳೆ," ಎಂದು ಆರ್ವೊ ತಗ್ಗಿದ ದನಿಯಲ್ಲಿ ಹೇಳಿ ಹೊರಟುಹೋದ. ಐಲಿಯನ್ನು ಅವಳು ತೊಡೆಯ ಮೇಲೆ ಆಡಿಸಿದ್ದಳು. ಇಡೀ ಚಳಿಗಾಲ ಅವಳಿಗೆ ನಿದ್ದೆ ಕೆಡಿಸಿದ್ದು ಹಲಗೆಯಲ್ಲ, ಆ ಹೆಗಲು.

ಸಭೆಗೆ ಕೆಲವೇ ದಿನ ಇರುವಾಗ ಅವಳ ಗೆಳತಿ ಲೆಂಪಿ ತಾನೂ ಬರುತ್ತೇನೆಂದಳು. ಅಂಚೆ ಕಚೇರಿಯಿಂದ ನಿವೃತ್ತಳಾದ ಲೆಂಪಿಗೆ ಸ್ಕೀಗಿಂತ ಬಾಯಿ ಚುರುಕು. ಉಸಿರು ರೆಪ್ಪೆಯ ಮೇಲೇ ಗಟ್ಟಿಯಾಗುವಂಥ ಚಳಿ ಅವತ್ತು. ಸೈಮಿ ಮುಂದೆ, ಲೆಂಪಿ ಒಂದಷ್ಟು ಹಿಂದೆ. ಒಂದು ದಿಬ್ಬದ ನೆತ್ತಿಯಲ್ಲಿ ಎದುರಿನಿಂದ ಗುರುತಿಲ್ಲದ ಯಾವನೋ ಗಾಡಿಯಲ್ಲಿ ಬಂದ. ಸೈಮಿ ಅಭ್ಯಾಸಬಲದಿಂದ ಕೈಯೆತ್ತಿ, ಹಿಂದೆ ಒಬ್ಬಳಿದ್ದಾಳೆ ಎಂದು ಒಂದು ಬೆರಳು ತೋರಿಸಿ ಬದಿಗೆ ಸರಿದಳು. ಅವನು ತಲೆಯಾಡಿಸಿದ. ಅವಳನ್ನು ದಾಟಿದವನೇ ವೇಗ ಕಡಿಮೆ ಮಾಡುವ ಬದಲು ಜೋರು ಮಾಡಿದ. ಲೆಂಪಿ ಕೋಲು ಬಿಸಾಡಿ ಹಿಮದ ಗುಡ್ಡೆಗೆ ತಲೆಕೆಳಗಾಗಿ ಬಿದ್ದಳು. ಗಾಡಿ ಅವಳ ಸ್ಕೀಯ ಪಕ್ಕದಲ್ಲೇ ಹಾದುಹೋಯಿತು.

ಸೈಮಿ ಅವಳನ್ನು ಎಳೆದು ಕೂರಿಸಿದಳು. ಏಟೇನೂ ಆಗಿರಲಿಲ್ಲ. ಬಾಯಿಗಂತೂ ಇಲ್ಲವೇ ಇಲ್ಲ.

"ಹಿಂದೆ ಯಾರೂ ಇಲ್ಲ ಅಂತ ಮುಷ್ಟಿ ತೋರಿಸ್ದೆಯಲ್ಲೇ, ನಾನೇನು ದೆವ್ವವಾ?"

"ಬೆರಳು ತೋರಿಸ್ದೆ ಕಣೇ. ಒಂದು ಬೆರಳು."

"ಎಲ್ಲಿತ್ತೇ ಬೆರಳು? ಹಿಂದಿನಿಂದ ನೋಡ್ತಾನೇ ಇದ್ದೆ. ಆಲೂಗಡ್ಡೆ ಎತ್ತಿ ಹಿಡಿದ ಹಾಗಿತ್ತು."

ಸೈಮಿ ತನ್ನ ಕೈ ನೋಡಿಕೊಂಡಳು. ಬೂದು ಮಿಟನ್. ಹೆಬ್ಬೆರಳಿಗೊಂದು ಗೂಡು, ಮಿಕ್ಕ ನಾಲ್ಕಕ್ಕೂ ಸೇರಿ ಒಂದೇ ಚೀಲ. ಮೇಲೆ ಹಿಮ ಮೆತ್ತಿ ಕಲ್ಲಾಗಿತ್ತು. ಅದರೊಳಗೆ ಅವಳ ಬೆರಳು ಇನ್ನೂ ನೆಟ್ಟಗೇ ನಿಂತಿತ್ತು. ಮಡಿಸಿದಳು. ಮತ್ತೆ ಎತ್ತಿದಳು. ಹೊರಗಿನ ಉಂಡೆಯಲ್ಲಿ ಏನೂ ಬದಲಾಗಲಿಲ್ಲ. ಡಿಸೆಂಬರಿನ ಆ ಬೆಳಿಗ್ಗೆ ಆರ್ವೊ ಹಾಕಿಕೊಂಡಿದ್ದದ್ದೂ ಇಂಥದ್ದೇ ಮಿಟನ್. ಒಬ್ಬ ಸತ್ಯವಂತನನ್ನು ಅವಳು ಚಳಿಗಾಲವಿಡೀ ಸುಳ್ಳ ಎಂದು ಕರೆದಿದ್ದಳು. ಅದಕ್ಕೂ ಹೆಚ್ಚಾಗಿ, ಆ ಬೆರಳನ್ನು ಮುಚ್ಚಿದ ಉಣ್ಣೆಯನ್ನು ಹೆಣೆದವಳೂ ಅವಳೇ.

"ಹೋಗಿ ತಪ್ಪಾಯ್ತು ಅಂದ್ಬಿಡು," ಎಂದಳು ಲೆಂಪಿ, ವಿಷಯ ತಿಳಿದ ಮೇಲೆ. "ಮೈದುನ ತಾನೇ. ಕರಗ್ತಾನೆ."

"ನನ್ನ ತಪ್ಪು ಎಷ್ಟೋ ಅಷ್ಟು ಹೇಳ್ತೀನಿ. ತಲೆ ತಗ್ಗಿಸ್ಕೊಂಡು ಹೇಳಲ್ಲ. ಹಾದಿ ಬಿಡ್ತೀನಿ ಅಂತಲೂ ಹೇಳಲ್ಲ."

ಸಭೆಯ ದಿನ ಅವಳು ಸಂಘದ ಮನೆಗೆ ಸ್ಕೀಯಲ್ಲೇ ಹೋದಳು. ಅಂಗಳದಲ್ಲಿ ಸಾಲಾಗಿ ನಿಂತ ಗಾಡಿಗಳ ನಡುವೆ ಅಧ್ಯಕ್ಷರ ಗಾಡಿಯ ಮುಂದೆಯೇ ಸ್ಕೀಗಳನ್ನು ನೆಟ್ಟು ಒಳಗೆ ಬಂದಳು. ಕಾಫಿಯ, ಏಲಕ್ಕಿ ಹಾಕಿದ ನಿಸು ಬ್ರೆಡ್ಡಿನ ವಾಸನೆ, ಒದ್ದೆ ಬೂಟುಗಳ ವಾಸನೆ. ಆರ್ವೊ ಮೇಜಿನ ಹಿಂದೆ ಎದ್ದು ನಿಂತಿದ್ದ. ಐಲಿ ಮುಂದಿನ ಬೆಂಚಿನಲ್ಲಿದ್ದಳು, ತೋಳಿನ ಕಟ್ಟು ಬಿಚ್ಚಿತ್ತು.

"ಸದಸ್ಯರಿಗೆ ಮಾತ್ರ ಅತ್ತಿಗೆ. ಈಗ ಕೈ ಎತ್ತಿಸ್ಬೇಕು."

"ಎತ್ತಿಸು. ಅದಕ್ಕೆ ಮುಂಚೆ ನಾನೊಂದು ಸಲ ಎತ್ತುತ್ತೀನಿ. ನಿನ್ನ ಮಿಟನ್ ಕೊಡು ಇಲ್ಲಿ."

ಅವನು ಕೊಡಲಿಲ್ಲ. ಒಲೆಯ ಪಕ್ಕ ಒಣಗಲು ಇಟ್ಟಿದ್ದನ್ನು ಅವಳೇ ಹೋಗಿ ತೆಗೆದುಕೊಂಡಳು. ಜನರಿಗೆ ಬೆನ್ನು ಹಾಕಿ ಬಲಗೈಗೆ ಏರಿಸಿಕೊಂಡು, ತಿರುಗಿ, ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು.

"ಗಾಡಿ ಓಡಿಸೋರು ನೀವೆಲ್ಲ. ಹೇಳಿ. ನನ್ನ ಹಿಂದೆ ಎಷ್ಟು ಜನ ಇದ್ದಾರೆ?"

"ಇದೇನು ಮಕ್ಕಳಾಟ," ಎಂದ ಯಾರೋ.

"ಹೇಳಪ್ಪ, ನೀನೇ ಹೇಳು."

"ಯಾರೂ ಇಲ್ಲ. ಮುಷ್ಟಿ ಅದು."

"ಬೇರೆ ಯಾರಿಗಾದ್ರೂ ಬೇರೆ ಕಾಣ್ತಿದೆಯಾ?"

ಯಾರಿಗೂ ಕಾಣುತ್ತಿರಲಿಲ್ಲ. ಸೈಮಿ ಐಲಿಯ ಎದುರಿಗೆ ಹೋಗಿ ಕೈಯನ್ನು ಅವಳ ಮುಖದ ಮಟ್ಟಕ್ಕೆ ಇಳಿಸಿದಳು. "ನೀನೇ ತೆಗಿ ಮಗಾ. ಏಟು ತಿಂದವಳು ನೀನು."

ಐಲಿ ಮಿಟನ್‌ನ ತುದಿ ಹಿಡಿದು ಎಳೆದಳು. ಒಳಗೆ ಸೈಮಿಯ ತೋರುಬೆರಳು ಒಂದೇ, ನೆಟ್ಟಗೆ ನಿಂತಿತ್ತು. ಐಲಿ ಅದನ್ನು ನೋಡಿದಳು. ಅಪ್ಪನನ್ನು ನೋಡಿದಳು. ಆ ಬೆರಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಹಾಗಾದ್ರೆ ನಾನು ಸುಳ್ಳು ಹೇಳ್ಲಿಲ್ಲ," ಎಂದ ಆರ್ವೊ.

"ಇಲ್ಲ. ಎಲ್ಲರ ಮುಂದೆ ಹೇಳ್ತಿದ್ದೀನಿ, ನೀನು ಹೇಳ್ಲಿಲ್ಲ. ಸುಳ್ಳ ಅಂದದ್ದು ನನ್ನ ತಪ್ಪು. ಮಿಟನ್ ಹೆಣೆದವಳೂ ನಾನೇ. ಆದ್ರೆ ನಾನು ಕಂಡದ್ದೂ ಮುಷ್ಟಿನೇ. ಅದನ್ನ ಈಗ ನಿನ್ನ ಬಾಯಿಂದ ಹೇಳು."

ಒಪ್ಪುವುದು ಅವರ ಮನೆತನದಲ್ಲೇ ಇರಲಿಲ್ಲ, ಒನ್ನಿಯೂ ಹಾಗೇ ಇದ್ದ. ಆರ್ವೊ ಮೇಜು ಕುಟ್ಟಿ, "ಈ ವಿಚಾರ ಮುಂದಿನ ಸಭೆಗೆ," ಎಂದ.

"ಮುಂದಿನ ವರ್ಷಕ್ಕೇ ಹಾಕ್ಕೋ. ನನಗೇನಂತೆ. ನಿಮ್ಮ ಗಾಡಿ ಓಡೋದು ಬೇಡ ಅಂದವಳಲ್ಲ ನಾನು, ನಿಮ್ಮ ಹಾದಿಗೆ ಮರ ಕಡಿಯೋಕೆ ಕರೆದ್ರೆ ಕೊಡಲಿ ಹಿಡ್ಕೊಂಡು ಬರ್ತೀನಿ. ಆದ್ರೆ ನಾಳೆ ಬೆಳಿಗ್ಗೆ ನಾನು ಅಲ್ಲಿರ್ತೀನಿ. ಶೆರಿಫ್‌ಗೂ ಹೇಳಿ, ಬಂದ್ರೆ ಸೌನಾ ಕಾಯಿಸಿರ್ತೀನಿ." ಅಷ್ಟು ಹೇಳಿ ಒಂದು ತುಂಡು ನಿಸು ಬ್ರೆಡ್ ಎತ್ತಿಕೊಂಡು ಹೊರಟಳು.

ಮಾರನೆಯ ಬೆಳಿಗ್ಗೆ ಹಲಗೆ ಇದ್ದಲ್ಲೇ ಇತ್ತು. ಸೈಮಿ ಟೋಪಿ ತೊಡಿಸಿ, ಕಿವಿಯವರೆಗೂ ಎಳೆದು, ಹೊರಟಳು. ರಾತ್ರಿ ಮಟ್ಟ ಮಾಡಿದ ಹಿಮ ಗಟ್ಟಿಯಾಗಿ ಸ್ಕೀ ಚೆನ್ನಾಗಿ ಜಾರುತ್ತಿತ್ತು. ಹಾಗೆ ಮಟ್ಟ ಮಾಡಿದವನನ್ನು ಮನಸ್ಸಿನಲ್ಲೇ ಹೊಗಳಿದಳು, ಅವನು ಆರ್ವೊನೇ ಎಂದು ಗೊತ್ತಿದ್ದರೂ.

ನೀರಿನ ಟ್ಯಾಂಕಿಯ ತಿರುವಿನ ಹತ್ತಿರ ಗಾಡಿಗಳ ಸದ್ದು ಕೇಳಿತು. ಅವಳು ಬದಿಗೆ ಸರಿಯಲಿಲ್ಲ. ಹಾದಿಯ ನಡುವೆ ನಿಂತು, ತನ್ನ ಮಿಟನ್ ತೆಗೆದು ಹಲ್ಲಲ್ಲಿ ಕಚ್ಚಿಕೊಂಡು, ಬರಿಗೈಯ ಮುಷ್ಟಿ ಎತ್ತಿ ಹಿಡಿದಳು. ಗಾಳಿ ಬೆರಳಿನ ಗಿಣ್ಣುಗಳನ್ನು ಕೊರೆಯಿತು.

ತಿರುವಿನಿಂದ ಆರ್ವೊ ಬಂದ. ಅವಳನ್ನು ಕಂಡು ವೇಗ ಇಳಿಸಿದ. ಹಾರ್ನ್ ಮಾಡಲಿಲ್ಲ, ಬೈಯಲಿಲ್ಲ. ಬಾಯಿಂದಲೇ ಬಲಗೈಯ ಮಿಟನ್ ಎಳೆದು ತೊಡೆಯ ಮೇಲೆ ಹಾಕಿ, ಕೈಯನ್ನು ಮೇಲೆತ್ತಿದ. ಚಳಿಗೆ ಕೆಂಪಾದ ಎರಡು ಬೆರಳು, ಬಿಡಿಬಿಡಿಯಾಗಿ.

ಸೈಮಿ ಹಾದಿಯಿಂದ ಇಳಿದಳು. ಹಲಗೆ ಎದ್ದ ಮೇಲೆ ಆರ್ವೊನಿಗಾಗಿ ಇಳಿದದ್ದು ಅದೇ ಮೊದಲು. ಆರ್ವೊ ಮುಖ ಆ ಕಡೆ ತಿರುಗಿಸಿಕೊಂಡೇ ದಾಟಿದ, ಕೈ ಮಾತ್ರ ಇಳಿಸಲಿಲ್ಲ. ಅವನ ಹಿಂದೆ ನೆರೆಮನೆಯವನ ಗಾಡಿ ಹೋಯಿತು. ಕೊನೆಯದರ ಮೇಲೆ ಐಲಿ ಇದ್ದಳು. ಹೆಗಲು ಮುರಿದಿದ್ದ ತೋಳನ್ನೇ ಮೇಲಕ್ಕೆತ್ತಿ, ಬರಿಗೈಯ ಮುಷ್ಟಿ ತೋರಿಸಿದಳು. ಸೈಮಿ ಸದ್ದು ಪೂರ್ತಿ ಅಡಗುವವರೆಗೆ ಕಾದು, ಮತ್ತೆ ನಡುಹಾದಿಗೆ ಬಂದು, ಮೇಲಕ್ಕೆ ಹೋಗಿ ಒನ್ನಿಯ ಒಲೆ ಹಚ್ಚಿದಳು.

ಸಂಜೆ ಇಳಿದು ಬಂದಾಗ ಹಾದಿಯ ಬಾಯಲ್ಲಿ ಕಂಬವಷ್ಟೇ ನಿಂತಿತ್ತು. ಹಲಗೆ ಇರಲಿಲ್ಲ. ಟೋಪಿಯನ್ನು ಯಾರೋ ಕಂಬದ ತಲೆಗೆ, ಗಾಳಿಗೆ ಹಾರದಂತೆ, ಗಟ್ಟಿಯಾಗಿ ಎಳೆದು ತೊಡಿಸಿದ್ದರು. ಸೈಮಿ ಅದನ್ನು ತೆಗೆದು ಹಿಮ ಒದರಿದಳು. ಹಾಕಿಕೊಂಡಿದ್ದ ಟೋಪಿಯ ಮೇಲೇ ಅದನ್ನೂ ಹಾಕಿಕೊಂಡು, ಊರಿನ ಬೀದಿಯಲ್ಲೂ ನಡುವೆಯೇ ಸ್ಕೀ ಜಾರಿಸುತ್ತ ಮನೆಗೆ ಹೋದಳು.