ರಿಯಾಕ್ಟಿವ್ ಅಂದರೆ ಗಟ್ಟಿ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಅಕ್ಕನ ಮಾತೇ ಕೊನೆಯ ಮಾತು. ಮಾದರಿ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು "ಇನ್ನೊಂದು ಚಿಟಿಕೆ ಹಳದಿ" ಎಂದರೆ ಮಾಲೀಕನೂ ಎದುರಾಡುತ್ತಿರಲಿಲ್ಲ. ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವಳಲ್ಲ, ಬಣ್ಣದ ಡಬ್ಬಿಗಳ ಮೇಲಿನ ಅಕ್ಷರ ನೋಡಿ ನೋಡಿ ಕಲಿತವಳು. ಅಷ್ಟಕ್ಕೇ ಎಲ್ಲರೂ ಔಷಧಿ ಚೀಟಿ, ಆಫೀಸಿನ ಕಾಗದ ಹಿಡಿದು ಅವಳ ಬಳಿ ಬರುತ್ತಿದ್ದರು. ಅವಳೂ ಒಂದು ದಿನಕ್ಕಾದರೂ "ಇದು ನನಗೆ ಗೊತ್ತಾಗಲ್ಲ" ಎಂದವಳಲ್ಲ. ಅಲ್ಪವಿದ್ಯಾ ಮಹಾಗರ್ವಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅವಳ ತಮ್ಮ ಅಲ್ಲೇ ತೊಟ್ಟಿಗಳ ಹತ್ತಿರ ಬಟ್ಟೆ ತಿರುವುತ್ತಿದ್ದ. ಬಾಯಿಗೆ ಬಿಡುವೇ ಕೊಡದವನಾದ್ದರಿಂದ ಎಲ್ಲರೂ ಗಿಲಕಿ ಎಂದೇ ಕರೆಯುತ್ತಿದ್ದರು. ಒಮ್ಮೆ ಊಟದ ಬಿಡುವಿನಲ್ಲಿ ಆಸ್ಪತ್ರೆಯವರು ಬಂದು ಎಚ್‌ಐವಿ ಬಗ್ಗೆ ಹೇಳಿದರು, ಕಾಂಡೋಮ್ ತೋರಿಸಿದರು. ಹುಡುಗರು ಒಬ್ಬರನ್ನೊಬ್ಬರು ತಿವಿದು ಕಿಸಕ್ಕನೆ ನಕ್ಕರು.

"ಸೊಳ್ಳೆಯಿಂದ ಬರಲ್ವಾ ಮೇಡಂ? ಹಾಗಾದ್ರೆ ಬಿಡಿ, ನಮ್ಮನ್ನ ಮುಟ್ಟೋದು ಸೊಳ್ಳೆ ಒಂದೇ," ಎಂದ ಗಿಲಕಿ.

ಆ ನಗೆಯಲ್ಲಿ ಮುಂದಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಪಾಸಿಟಿವ್ ಬಂದರೆ ಕಾಯಿಲೆ ಎನ್ನುವುದಷ್ಟೇ ತಲೆಯಲ್ಲಿ ಉಳಿಯಿತು.

ಆದರೂ ಗಿಲಕಿ ಪರೀಕ್ಷೆಗೆ ರಕ್ತ ಕೊಟ್ಟ. ಲಾರಿಯ ಜೊತೆ ಹೊರಗೆ ಹೋದಾಗ ಒಂದೆರಡು ಸಲ ಕಾಲು ಜಾರಿತ್ತು. ಮದುವೆಯ ಮಾತು ನಡೆಯುತ್ತಿದ್ದುದರಿಂದ ಒಳಗೊಳಗೇ ಅಳುಕು. ಪರೀಕ್ಷೆಯ ಕಾಗದ ಕೊಟ್ಟ ದಿನ ಆಸ್ಪತ್ರೆಯಾಕೆ "ಆ ಕೋಣೆಗೆ ಹೋಗಿ ಮಾತಾಡಿ ಹೋಗಪ್ಪಾ" ಎಂದಳು. ಬೆಂಚಿನ ಮೇಲೆ ಗೆಳೆಯರು ಸಾಲಾಗಿ ಕೂತಿದ್ದರು. ಆ ಕೋಣೆಯ ಬಾಗಿಲು ದಾಟಿದವನ ಕಥೆ ಸಂಜೆಯೊಳಗೆ ತೊಟ್ಟಿ ತೊಟ್ಟಿಗೂ ಗೊತ್ತಾಗುತ್ತದೆ. ಗಿಲಕಿ ಕಾಲಿಗೆ ಬುದ್ಧಿ ಹೇಳಿದ. ನೇರವಾಗಿ ಬಂದು ಲಕೋಟೆಯನ್ನು ಅಕ್ಕನ ಕೈಗಿಟ್ಟ.

"ಪಾಸಿಟಿವ್ ಅಂತ ಇದ್ಯಾ ನೋಡಕ್ಕ."

ಅಕ್ಕ ಬೆರಳಿಟ್ಟು ಹುಡುಕಿದಳು. ಇರಲಿಲ್ಲ. ಅದರ ಜಾಗದಲ್ಲಿ ಅವಳು ದಿನಾ ಓದುವ ಪದವೇ ಇತ್ತು: ರಿಯಾಕ್ಟಿವ್. ಹತ್ತಿಗೆ ಕಚ್ಚಿಕೊಂಡರೆ ಎಷ್ಟು ಒಗೆದರೂ ಬಿಡದ ಬಣ್ಣದ ಡಬ್ಬಿಗಳ ಮೇಲಿರುವುದು ಅದೇ ಪದ. ಕಾರ್ಖಾನೆಯಲ್ಲಿ ಅದಕ್ಕಿಂತ ಮೇಲಾದ ಬಣ್ಣವಿಲ್ಲ.

"ರಿಯಾಕ್ಟಿವ್ ಅಂತಿದೆ ಕಣೋ. ಗಟ್ಟಿ ಅಂತ. ಏನೂ ಆಗಿಲ್ಲ ನಿಂಗೆ."

"ಅಂದ್ರೆ ನನ್ನ ರಕ್ತ ಬಣ್ಣ ಬಿಡಲ್ಲ."

"ನೀನು ಬಾಯಿ ಬಿಡದಿದ್ರೆ ಸಾಕು."

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಹುಡುಗಿಯ ಮನೆಯಲ್ಲಿ ಮಾತುಕತೆಗೆ ಕೂತಾಗ ಅಕ್ಕ ಯಾರೂ ಕೇಳದೆಯೇ ಹೇಳಿದಳು: "ನಮ್ಮ ಹುಡುಗ ಆ ಪರೀಕ್ಷೆನೂ ಮಾಡಿಸಿದಾನೆ. ನಾನೇ ಓದಿದೀನಿ." ಹುಡುಗಿಯ ಅಪ್ಪ ಆ ಮಾತಿನ ಮೇಲೆ ಒಪ್ಪಿದ.

ನಾಲ್ಕು ವರ್ಷಕ್ಕೆ ಗಿಲಕಿ ಕೆಮ್ಮಿ ಕೆಮ್ಮಿ ಕಡ್ಡಿಯಾದ. ಆಸ್ಪತ್ರೆಯಲ್ಲಿ ಅಕ್ಕ ತೋರಿಸಿದ ಹಳೆಯ ಕಾಗದವನ್ನು ಡಾಕ್ಟರು ಎರಡು ಸಲ ಓದಿದರು.

"ಇದರಲ್ಲೇ ಇದೆಯಲ್ಲಮ್ಮ. ರಿಯಾಕ್ಟಿವ್ ಅಂದ್ರೆ ರೋಗಾಣು ಇರೋ ಸೂಚನೆ. ಮತ್ತೆ ಪರೀಕ್ಷೆ ಮಾಡಿ ಅವತ್ತೇ ಮಾತ್ರೆ ಶುರು ಮಾಡಿದ್ರೆ ಇವತ್ತು ಕೆಲಸಕ್ಕೆ ಹೋಗ್ತಿದ್ದ. ಹೆಂಡತಿಗೂ ತಗಲದ ಹಾಗೆ ನೋಡ್ಕೋಬಹುದಿತ್ತು."

ಹೆಂಡತಿಯ ರಕ್ತದಲ್ಲೂ ಇತ್ತು. ಅವಳು ಇನ್ನೂ ಗಟ್ಟಿಮುಟ್ಟಾಗಿದ್ದಳು, ಮಾತ್ರೆ ತಪ್ಪಿಸದಿದ್ದರೆ ಬಹಳ ವರ್ಷ ಬದುಕುತ್ತಾಳೆ ಎಂದರು. ತಮ್ಮನ ಬಗ್ಗೆ ಹಾಗೆ ಹೇಳಲಿಲ್ಲ.

ಅಕ್ಕ ಮಂಚದ ಪಕ್ಕ ಕೂತು ಎಲ್ಲವನ್ನೂ ತಮ್ಮನಿಗೆ ಹೇಳಿದಳು. ಅವನು ಬೈಯಲಿಲ್ಲ. ಮಾರನೆಯ ದಿನ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದ: "ನಂಗೆ ಮೊದಲೇ ಗೊತ್ತಿತ್ತು, ನಿಂಗೆ ಬೇರೆ ಯಾರದೋ ಕಾಗದ ತೋರಿಸಿದ್ದೆ ಅಂತ ನನ್ನ ಹೆಂಡ್ತಿಗೆ ಸುಳ್ಳು ಹೇಳಿದೀನಿ. ನೀನು ಬಾಯಿ ಬಿಡ್ಬೇಡ. ನಾನು ಹೋದ್ಮೇಲೆ ಅವಳಿಗೆ ನೀನೊಬ್ಬಳೇ."

ಎಂಟು ದಿನಕ್ಕೆ ಅವನು ಹೋದ.

ಹೆಂಡತಿ ಅಳಲಿಲ್ಲ. ಅತ್ತು ಅತ್ತು ಅಕ್ಕನ ಕಣ್ಣು ಬಾತುಕೊಂಡರೂ ಆ ಹುಡುಗಿ ಕಲ್ಲಿನಂತೆ ಕೂತಿದ್ದಳು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನ ಅಂಗಿಗಳನ್ನೆಲ್ಲ ಎಳೆದು ನೆಲಕ್ಕೆ ಹಾಕಿದಳು.

"ಗೊತ್ತಿದ್ದೂ ನನ್ನ ಕತ್ತು ಕೊಯ್ದ. ಅವನಿಗೆ ಒಂದು ಹನಿ ಕಣ್ಣೀರೂ ದಂಡ. ನೀವಿಲ್ದಿದ್ರೆ ನಾನೆಲ್ಲಿಗೆ ಹೋಗ್ತಿದ್ದೆ ಅಕ್ಕ?"

ಸುಮ್ಮನಿದ್ದರೆ ಈ ಹುಡುಗಿ ತನ್ನ ಜೊತೆಗೇ ಇರುತ್ತಾಳೆ, ತಮ್ಮ ಪಾಪಿಯಾಗಿಯೇ ಉಳಿಯುತ್ತಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕನಿಗೆ ಅದು ಚೆನ್ನಾಗಿ ಗೊತ್ತಿತ್ತು, ಆದರೂ ತಡೆದುಕೊಳ್ಳಲಾಗಲಿಲ್ಲ.

"ಅವನು ಸುಳ್ಳು ಹೇಳಿದ ಕಣಮ್ಮ. ಅದು ಅವನದೇ ಕಾಗದ. ಓದಿದ್ದು ನಾನು. ತಪ್ಪು ಓದಿದೆ. ನಿಮ್ಮಪ್ಪನ ಮುಂದೆ ಹೇಳಿದ್ದೂ ಅದನ್ನೇ."

ಹುಡುಗಿ ಅಕ್ಕನ ಕಡೆ ತಿರುಗಿದಳು.

"ಹಾಗಾದ್ರೆ ಅವನಿಗೆ ಗೊತ್ತೇ ಇರ್ಲಿಲ್ಲ."

"ಇರ್ಲಿಲ್ಲ."

ಅವಳು ಅಲ್ಲೇ ಕುಸಿದು ಕೂತು, ನೆಲದ ಮೇಲಿದ್ದ ಒಂದು ಅಂಗಿಯನ್ನು ಮುಖಕ್ಕೊತ್ತಿಕೊಂಡು, ಗಂಡ ಸತ್ತ ಮೇಲೆ ಮೊದಲ ಸಲ ಅತ್ತಳು. ಅಕ್ಕ ಹತ್ತಿರ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟಳು. ಹುಡುಗಿ ಮುಖ ಎತ್ತದೆಯೇ ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟಳು.