ಚಿಕ್ಕಪ್ಪ ವೇದಿಕೆ ಹತ್ತಿದ ಸಂಜೆ

ಪರದೆಯ ಸಂದಿಯಿಂದ ಇಣುಕಿದ ಗಾಯಕಿ ಥಟ್ಟನೆ ಹಿಂದೆ ಸರಿದಳು. ಮುಂದಿನ ಸಾಲಿನಲ್ಲೇ ಚಿಕ್ಕಪ್ಪ ಕೈಕಟ್ಟಿ ಕೂತಿದ್ದರು.

ಬೆಳಿಗ್ಗೆ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು: "ನಮ್ಮಮ್ಮನ ಹೆಸರು ಎತ್ತಿದ್ಯೋ, ಮೇಲೆ ಬಂದು ಮೈಕ್ ಕಿತ್ತು ಬಿಸಾಕ್ತೀನಿ. ಮನೆ ಮಾನ ಹರಾಜಿಗಿಡಬೇಡ."

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ, ಅವುಗಳಲ್ಲಿ ಹಾಡಿಯೂ ಜನ ಮರೆತ ಹೆಂಗಸರ ಪದಗಳನ್ನು ಕಲಿತು, ಅವರ ಹೆಸರು ಹೇಳಿ ಹಾಡುವುದು ಅವಳ ಕೆಲಸ. ಗುಜರಿಯಲ್ಲಿ ಸಿಕ್ಕ ಒಂದು ತಟ್ಟೆಯ ಮೇಲೆ ವಾದ್ಯದವರ ಹೆಸರಷ್ಟೇ ಇತ್ತು. ಅದನ್ನು ಕೇಳಿದ್ದೇ ಅಮ್ಮ, "ಇದು ನಮ್ಮತ್ತೆ ದನಿ ಕಣೇ!" ಎಂದು ಅತ್ತುಬಿಟ್ಟಿದ್ದಳು. ಮದುವೆಗೆ ಮುಂಚೆ ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ, ಊರೂರು ಸುತ್ತಿ ಹಾಡಿದವಳು. ಆಮೇಲೆ ಗಂಡನ ಮನೆಯಲ್ಲಿ ಆ ಮಾತೇ ಯಾರೂ ಎತ್ತಿರಲಿಲ್ಲ.

"ಆ ಹೆಸರು ಬಿಟ್ಬಿಡೋಣ್ವಾ?" ಎಂದರು ಪಕ್ಕದಲ್ಲಿದ್ದ ಹಾರ್ಮೋನಿಯಂ ಮೇಷ್ಟ್ರು. "ನಂಗೂ ವಯಸ್ಸಾಯ್ತು ತಾಯಿ, ಓಡೋಕಾಗಲ್ಲ."

ಅವಳಿಗೆ ನಗು ಬರಲಿಲ್ಲ. ಪರದೆ ಸರಿಯಿತು.

ಚಿಕ್ಕಪ್ಪ ಅವಳನ್ನೇ ದಿಟ್ಟಿಸುತ್ತಿದ್ದರು. ಆದರೂ ಅಜ್ಜಿಯ ಹೆಸರು ಹೇಳಿದಳು. ಚಿಕ್ಕಪ್ಪ ಕದಲಲಿಲ್ಲ; ಅದು ಇನ್ನಷ್ಟು ಹೆದರಿಸಿತು. ಕಣ್ಣು ಮುಚ್ಚಿ ಹಾಡತೊಡಗಿದಳು. ತಟ್ಟೆ ಸವೆದು ಕೊನೆಯ ಸಾಲು ಅದರಲ್ಲಿ ಬರೀ ಕರಕರ ಎನ್ನುತ್ತಿತ್ತು; ಮಾತು ತಿಳಿದಿರಲಿಲ್ಲ. ಅದನ್ನು ಮಾತಿಲ್ಲದೆ ಗುನುಗಿದಳು.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಕಣ್ಣು ಬಿಟ್ಟರೆ ಚಿಕ್ಕಪ್ಪ ಎದುರಿಗೇ! ಹಾರ್ಮೋನಿಯಂ ನಿಂತಿತು. ಅವರು ಮೈಕಿಗೆ ಕೈಹಾಕಿ ತಮ್ಮತ್ತ ಬಗ್ಗಿಸಿಕೊಂಡರು.

"ಆ ಕೊನೇ ಸಾಲಲ್ಲಿ ಮಾತಿದೆ," ಎಂದರು. "'ಬಾಗಿಲು ತೆರೆದೇ ಇದೆ, ಬಂದು ಹೋಗು' ಅಂತ. ಅಪ್ಪ ಮನೇಲಿಲ್ಲದಾಗ ಅಮ್ಮ ಇದನ್ನ ಹಾಡಿ ನನ್ನ ಮಲಗಿಸ್ತಿದ್ಲು."

ಅವರು ತಟಕ್ಕನೆ ಇಳಿದು ಹೊರಟೇಹೋದರು. ಅವಳು ಆ ಮಾತು ಸೇರಿಸಿ ಪದ ಮುಗಿಸಿದಳು.

ಕಛೇರಿ ಮುಗಿದ ಮೇಲೆ ನೋಡಿದರೆ, ಅವರು ಹೊರಗೆ ಗೋಡೆಗೆ ಒರಗಿ ನಿಂತಿದ್ದರು, ಬೆವೆತು ತೊಪ್ಪೆಯಾಗಿ.

"ನಾಳೆ ಜನ ಕೇಳಿದ್ರೆ ಏನ್ ಹೇಳ್ಲಿ ಕಣೇ?" ಎಂದರು.

ಚಿಕ್ಕಪ್ಪ ಹೆದರಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ನಮ್ಮಮ್ಮ ಹಾಡ್ತಿದ್ಲು ಅನ್ನಿ, ಚಿಕ್ಕಪ್ಪ."

"ನಮ್ಮಮ್ಮ..." ಎಂದು ಅವರು ಮೆಲ್ಲಗೆ ಶುರುಮಾಡಿದರು. ಅವಳು ಪಕ್ಕದಲ್ಲೇ ನಿಂತು ಕಾದಳು.