ವಿಮಾನ ಬಿದ್ದ ಹೊಲ

ಸವದತ್ತಿಯಿಂದ ದೊಡವಾಡಕ್ಕೆ ಹೊರಟ ಕಾರಿನಲ್ಲಿ ಜ್ಯೋತ್ಸ್ನಾ ತಾಯಿಯ ಪಕ್ಕದಲ್ಲಿ ಹಲ್ಲು ಕಚ್ಚಿ ಕುಳಿತಿದ್ದಳು. ಮುಂದಿನ ಸೀಟಿನಲ್ಲಿದ್ದ ಬಸವಲಿಂಗ ದಾರಿಯುದ್ದಕ್ಕೂ ಮೊಬೈಲಿನ ಜೊತೆ ಮಾತಾಡುತ್ತಿದ್ದ. ಯೂಟ್ಯೂಬ್ ಚಾನೆಲ್ ನಡೆಸುವವನು. ‘ದೊಡವಾಡದಲ್ಲಿ ವಿಮಾನ ಬಿದ್ದೇ ಇಲ್ಲ’ ಎಂಬ ಅವನ ವಿಡಿಯೋವನ್ನು ಊರಿಗೆ ಊರೇ ನೋಡಿತ್ತು. ಆದರೆ ಅದನ್ನು ಜ್ಯೋತ್ಸ್ನಾಳ ತಾಯಿ ಸುಂದರಾಬಾಯಿಯಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ. ಬಿದ್ದ ಆ ತರಬೇತಿ ವಿಮಾನದಲ್ಲಿ ಇದ್ದವನು ಅವರ ಮಗ ಮುಕುಂದ.

ಎರಡು ವರ್ಷದ ಹಿಂದಿನ ಬೇಸಿಗೆಯ ಮಾತು. ಮನೆಗೆ ಬಂದ ಹೆಣದ ಪೆಟ್ಟಿಗೆಗೆ ಮೊಳೆ ಹೊಡೆದಿತ್ತು. ನೋಡುವ ಸ್ಥಿತಿಯಲ್ಲಿಲ್ಲ, ತೆರೆಯಬೇಡಿ ಎಂದರು ತಂದವರು. ಹಾಗೇ ಸುಟ್ಟರು. ಹೆತ್ತವಳು ಮಗನ ಮುಖ ನೋಡಲಿಲ್ಲ. ಆ ಸಂದಿಯಲ್ಲೇ ಬಸವಲಿಂಗ ನುಸುಳಿದ. ವಿಮಾನ ಬಿದ್ದಿದ್ದರೆ ತಗ್ಗು ಎಲ್ಲಿ? ರೆಕ್ಕೆ ಎಲ್ಲಿ? ಒಂದು ಬೋಲ್ಟಾದರೂ ಸಿಗಬೇಡವೇ? ಹುಡುಗನನ್ನು ಯಾವುದೋ ಗುಟ್ಟಿನ ಕೆಲಸಕ್ಕೆ ಕಳಿಸಿದ್ದಾರೆ, ಎಲ್ಲೋ ಬದುಕಿದ್ದಾನೆ ಎಂದ. ಯಾವ ತಾಯಿಗೆ ಬೇಡ ಆ ಮಾತು? ಸುಂದರಾಬಾಯಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು. ಶ್ರಾದ್ಧ ಮಾಡಲು ಬಂದ ಮೈದುನನನ್ನೂ ಪುರೋಹಿತರನ್ನೂ ಹೊಸ್ತಿಲಿನಿಂದಲೇ ಹಿಂದಕ್ಕೆ ಕಳಿಸಿದರು. ಸತ್ತ ತಮ್ಮ ಪಿಂಡವಿಲ್ಲದೆ ಎಲ್ಲೋ ಹಸಿದು ನಿಂತಿದ್ದಾನೆ ಎಂದು ಜ್ಯೋತ್ಸ್ನಾಳಿಗೆ ಅನ್ನಿಸುತ್ತಿತ್ತು. ಹೇಳಿದರೆ ತಾಯಿ, “ನಿನಗ ಅವ ಸಾಯೋದೇ ಬೇಕಾಗ್ಯದ” ಎನ್ನುತ್ತಿದ್ದರು.

ಈಗ ಬಸವಲಿಂಗನಿಗೆ ಇನ್ನೊಂದು ವಿಡಿಯೋ ಬೇಕಾಗಿತ್ತು.

“ಕಾಕೂ, ಹೊಲದಾಗ ನಿಂತು ನನ್ನ ಮಗ ಜೀವಂತ ಅದಾನ ಅಂತ ಒಂದ ಮಾತ ಹೇಳ್ರಿ. ಸಾಕು.”

ಅವತ್ತು ಸೀಗಿ ಹುಣ್ಣಿಮೆ. ರೈತರು ಅಡುಗೆ ಮಾಡಿ ತಂದು ಹೊಲಕ್ಕೇ ಉಣಿಸುವ ದಿನ. ಅವರು ಹೋಗಿ ಇಳಿದಾಗ ಹೊಲದ ಒಡೆಯ ಲಗಮಪ್ಪ ಹತ್ತಿ ಸಾಲಿನಲ್ಲಿ ಆ ಅಡುಗೆಯ ಚರಗ ಚೆಲ್ಲುತ್ತಿದ್ದ. ಹೆಂಡತಿ ತಾಯವ್ವ ಬುಟ್ಟಿ ಇಳಿಸಿಕೊಂಡು ದೂರದಲ್ಲಿ ಕುಳಿತಿದ್ದಳು.

“ನೋಡ್ರಿ ವೀಕ್ಷಕರೇ, ಎಲ್ಲೈತಿ ತಗ್ಗು?” ಬಸವಲಿಂಗ ಮೊಬೈಲನ್ನು ಸುತ್ತಲೂ ತಿರುಗಿಸಿದ.

“ನಾನ ಮುಚ್ಚೇನ್ರಿ,” ಎಂದ ಲಗಮಪ್ಪ. “ಜೀವ ಹೋದ ಜಾಗಾ ಹಂಗ ಬಾಯಿ ತೆರಕೊಂಡ ಬಿದ್ದಿರಬಾರದು. ಸರಕಾರದವರು ತಗಡೆಲ್ಲಾ ಒಯ್ದ ಮ್ಯಾಲ ಕುಂಟಿ ಹೊಡದು ಹರಗಿದ್ನಿ. ಉಳದದ್ದು ಮಳಿ ಮುಚ್ಚಿತು. ಎರಿ ಹೊಲಾರಿ ಇದು, ಕರಿ ಮಣ್ಣು ನೆನದ್ರ ತಾನ ಕೂಡತೈತಿ.”

“ಅಂದ್ರ ಸಾಕ್ಷಿ ಅಳಿಸೀರಿ. ಯಾರ ಹೇಳಿದ್ರ ನಿಮಗ?”

ಸತ್ತವನಿಗೆ ಮರ್ಯಾದೆ ಎಂದು ಮಾಡಿದ ಕೆಲಸ ಕಳ್ಳತನವಾಗಿಬಿಟ್ಟಿತು. ಲಗಮಪ್ಪ ತಲೆ ತಗ್ಗಿಸಿದ. ಜ್ಯೋತ್ಸ್ನಾ ಇಬ್ಬರ ನಡುವೆ ಬಂದು ನಿಂತಳು.

“ಅವರನ್ನ ಯಾಕ ಕೇಳ್ತಿ? ನನ್ನ ಕೇಳು. ಹೆಣಾ ಹೊತ್ತವರಾಗ ನಾನೂ ಒಬ್ಬಾಕಿ ಇದ್ದೆ. ಭಾರ ನನ್ನ ಹೆಗಲಿಗೆ ಗೊತ್ತದ.”

“ಪೆಟಗಿ ಹೊತ್ರಿ ಅಕ್ಕಾರ. ಒಳಗ ಏನಿತ್ತು, ಯಾರ ನೋಡ್ಯಾರ?”

ಸುಂದರಾಬಾಯಿಗೆ ಇದಾವುದೂ ಕೇಳಿಸುತ್ತಿರಲಿಲ್ಲ. ಅವರ ಕಣ್ಣು ತಾಯವ್ವನ ಮೇಲಿತ್ತು. ತಾಯವ್ವ ಬುಟ್ಟಿಯಿಂದ ಅಡುಗೆ ತೆಗೆದು ಎರಡು ಸಾಲಿನ ನಡುವೆ ಬಾಳೆಲೆಯಲ್ಲಿ ಬಡಿಸುತ್ತಿದ್ದಳು. ಹತ್ತಿರ ಹೋಗಿ ಕೇಳಿದರು, “ಇದು ಯಾರಿಗೆ?”

“ವಿಮಾನದ ಹುಡುಗಗ್ರಿ. ಇಲ್ಲೇ ಹೋದನಲ್ಲರಿ. ವರ್ಷಾ ಇಡತೇನಿ.”

“ಇಡು ಅಂತ ಯಾರರ ಹೇಳ್ಯಾರೇನು?”

“ಹೇಳೂದೇನೈತ್ರಿ ಬಾಯಾರ. ಉಸರ ಹೋಗೂಮುಂದ ನಾ ಮಗ್ಗಲ್ದಾಗ ಕುಂತಿದ್ನಿ. ಬಾಯಿಗಿ ನೀರ ಹಾಕಿದ್ನಿ, ಒಳಗ ಇಳೀಲಿಲ್ಲ. ಅವರ ಮನ್ಯಾಗ ತಪ್ಪದ ಇಟ್ಟಿರತಾರು, ಖರೆ. ಆದ್ರೂ ನಮ್ಮ ಹೊಲದಾಗ ಹೋದಾಂವ ಹಬ್ಬದ ದಿನಾ ಹಸದ ಇರಬಾರದಲ್ಲರಿ.” ಆಕೆ ಎಲೆ ಸರಿಮಾಡಿದಳು. “ಏನ್ ಸೇರತಿತ್ತೋ ಗೊತ್ತಿಲ್ಲ. ಅದಕ್ಕ ಎಲ್ಲಾ ಒಂದೊಂದ ತುತ್ತ ಹಾಕೇನಿ.”

ತಾಯಿ ಈಗ ಕೂಗುತ್ತಾರೆ, ಸುಳ್ಳು ಎನ್ನುತ್ತಾರೆ ಎಂದು ಜ್ಯೋತ್ಸ್ನಾ ಅಂದುಕೊಂಡಳು. ಪರರ ಮನೆಯ ನೀರನ್ನೂ ಮುಟ್ಟದ, ಮಡಿ ಮಡಿ ಎಂದು ಮಗಳ ಪ್ರಾಣ ತಿಂದ ಆ ಹೆಂಗಸು ಹಸಿ ಎರೆಮಣ್ಣಿನಲ್ಲಿ ತಾಯವ್ವನ ಪಕ್ಕಕ್ಕೆ ಕುಕ್ಕರಿಸಿದರು. ಎಲೆಗೆ ಕೈ ಹಾಕಿ ಪಲ್ಯ ಎತ್ತಿ ತೆಗೆದರು.

“ಬದನೀಕಾಯಿ ಅವಂಗ ಸೇರತಿರಲಿಲ್ಲ. ಕಡಬು ಇನ್ನೊಂದು ಕೊಡ್ರಿ.”

ತಾಯವ್ವ ಕೈ ತಡೆದು ಅವರ ಮುಖ ನೋಡಿದಳು. ಯಾರು ಎಂದು ಕೇಳಬೇಕಾಗಲಿಲ್ಲ. ಕಡಬು ಕೊಟ್ಟಳು.

ಬಸವಲಿಂಗನಿಗೆ ದಿಕ್ಕು ತಪ್ಪಿತು. “ಕಾಕೂ, ಏನ್ ಮಾಡಾಕತ್ತೀರಿ? ಲೈವ್ ಐತಿ, ಮಂದಿ ನೋಡಾಕತ್ತಾರ,” ಎನ್ನುತ್ತ ಮೊಬೈಲ್ ಮರೆಮಾಡಲು ಹೋದ.

“ಯಾಕ ಮರಿ ಮಾಡ್ತಿ? ಹಿಡಿ ಇತ್ತ.” ಸುಂದರಾಬಾಯಿಯ ಧ್ವನಿ ಏರಲಿಲ್ಲ. “ನನ್ನ ಮಗ ಮುಕುಂದ ಇಲ್ಲೇ ಸತ್ತಾನ. ಹಡದಾಕಿ ನಾ ಹೇಳ್ಲಿಕತ್ತೀನಿ. ಇಲ್ಲ ಅನ್ನೋರು ಯಾರಿದ್ರೂ ಸವದತ್ತಿಗೆ ಬರ್ರಿ. ನನ್ನ ಮಾರಿ ನೋಡಿ ಅನ್ರಿ.”

ಬಸವಲಿಂಗ ಲೈವ್ ನಿಲ್ಲಿಸಿ ಕಾರಿನ ಕಡೆ ನಡೆದ. ಜ್ಯೋತ್ಸ್ನಾ ತಾಯಿಯ ಬೆನ್ನಿಗೆ ಬಂದು ಕುಳಿತಳು. ಸುಂದರಾಬಾಯಿ ಎಲೆಯ ಸುತ್ತ ನೀರು ಬಿಟ್ಟರು.

“ಭಾಳ ತಡಾ ಮಾಡಿದೆ ನಾ. ಉಣ್ಣು, ಮುಕುಂದಾ.”